ದಿಲ್ಲಿಯಲ್ಲೊಂದು ಬಾಣಂತಿ ಕೋಣೆ

ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡಬಾರದು ಎಂಬುದು ಸಿದ್ದಾಪುರದ ರಾಜೀವಿಯ ಮನೆತನದಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದ ನಡೆದುಬಂದ ಕಟ್ಟುಪಾಡು. ಹಾಗೆಂದು ಬಾಯಿ ಹೊಲಿದುಕೊಂಡು ಕೂರಬೇಕು ಎಂದೇನೂ ಅಲ್ಲ. ಹಾಗಿದ್ದರೆ ಆ ಮನೆಯ ಹೆಂಗಸರು ಎಂದೋ ಉಸಿರುಕಟ್ಟಿ ಸತ್ತಿರುತ್ತಿದ್ದರು. ಮಾತು ಮೂರನೆಯವರ ಮೂಲಕ ಹೋಗಬೇಕು, ಅಷ್ಟೇ. "ಅವಕ್ಕೆ ಇನ್ನೊಂದು ದೋಸೆ ಬೇಕನ ಕೇಳು" ಎಂದು ಅತ್ತೆ ಮಗಳಿಗೆ ಹೇಳಬೇಕು. "ಸಾಕು ಹೇಳು" ಎಂದು ಅಳಿಯ ಹೆಂಡತಿಗೆ ಹೇಳಬೇಕು. ಇಬ್ಬರ ನಡುವೆ ಇರುವುದು ಒಂದು ಮೊಳ ಜಾಗ! ಮಗಳಿಲ್ಲದಿದ್ದರೆ ಕೆಲಸದ ಸಿದ್ದವ್ವ ಆದೀತು, ಅವಳೂ ಇಲ್ಲದಿದ್ದರೆ ಹೊಸ್ತಿಲಲ್ಲಿ ಮಲಗಿದ ಬೆಕ್ಕಾದರೂ ಆದೀತು. "ಬೆಕ್ಕೇ, ಬಚ್ಚಲಲ್ಲಿ ನೀರು ಕಾದಿದ್ದು" ಎಂದು ಅತ್ತೆ ಹೇಳಿದರೆ ಅಳಿಯ ಎದ್ದು ಪಂಚೆ ಹುಡುಕಬೇಕು.

ಇಂಥ ರಾಜೀವಿ ೧೯೩೫ರ ಶಿವರಾತ್ರಿ ಕಳೆದ ಮೇಲೆ ದಿಲ್ಲಿಗೆ ಬಂದಿಳಿದಳು. ಬಂದದ್ದು ಊರು ನೋಡಲಿಕ್ಕಲ್ಲ. ಒಬ್ಬಳೇ ಮಗಳು ಪರಿಮಳೆಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದೆ ಇನ್ನೆಲ್ಲಿ ಆಗಬೇಕು? ಆದರೆ ಹುಲೇಕಲ್ಲಿನ ಅಳಿಯ ಶಾಂತಾರಾಮ ಹೆಗಡೆ, ಸರಕಾರದ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತನಾಗಿದ್ದವನು, ಎಷ್ಟು ಹೇಳಿ ಕಳಿಸಿದರೂ ಹೆಂಡತಿಯನ್ನು ಕಳಿಸಿರಲಿಲ್ಲ. ಮೊದಲು ರಜೆಯಿಲ್ಲ ಎಂದ, ಆಮೇಲೆ ಚಳಿ ಎಂದ, ಆಮೇಲೆ ಏನೂ ಅನ್ನದೆ ಸುಮ್ಮನಾದ. ರಾಜೀವಿ ಸುಮ್ಮನಾಗುವ ಪೈಕಿ ಅಲ್ಲ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದಳು, ಹಂಡೆ ತಿಕ್ಕಿಸಿದಳು, ಬಚ್ಚಲ ಹಿಂದೆ ಕಟ್ಟಿಗೆ ಒಟ್ಟಿಸಿದಳು. "ಮಗಳನ್ನ ಕರ್ಕಂಡೇ ಬತ್ತೆ" ಎಂದು ಕೇರಿಗೆಲ್ಲ ಸಾರಿ, ದೇವರು ಎಂಬ ಹೆಸರಿನ ತಮ್ಮನನ್ನು ಜೊತೆ ಮಾಡಿಕೊಂಡು, ಶಿರಸಿಯಲ್ಲಿ ಮೋಟಾರು ಹತ್ತಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಕೂತು ಮೈಯೆಲ್ಲ ಮಸಿ ಮಾಡಿಕೊಂಡು ಬಂದಳು. ತಮ್ಮ ಅವಳನ್ನು ಮಗಳ ಬಾಗಿಲಲ್ಲಿ ಇಳಿಸಿ ಹರಿದ್ವಾರಕ್ಕೆ ಹೋದ. ನಾಡಿದ್ದು ಬರುತ್ತಾನೆ, ಅಂದೇ ಸಂಜೆ ಊರಿನ ಗಾಡಿ.

ಖಾಲಿ ಕೈಯಲ್ಲಿ ಹೋದರೆ ಕೇರಿಯಲ್ಲಿ ಮುಖವೆತ್ತುವುದು ಹೇಗೆ ಎಂಬುದು ಒಂದು. ಅದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಪರಿಮಳೆಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದವು. ಉಳಿದದ್ದು ಇದೊಂದು. ಇದರ ಬಾಣಂತನವನ್ನು ಗುರುತು ಪರಿಚಯವಿಲ್ಲದವರ ಕೈಗೆ ಕೊಟ್ಟು ಹೋಗುವುದು ರಾಜೀವಿಯಿಂದ ಆಗುವ ಮಾತಲ್ಲ.

ಅಳಿಯನೂ ಕಡಿಮೆಯವನಲ್ಲ. ಅತ್ತೆಯನ್ನು ಮಾತಿನಲ್ಲಿ ಗೆಲ್ಲುವುದು ತನ್ನಪ್ಪನಾಣೆಗೂ ಸಾಧ್ಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ದಿಲ್ಲಿಯ ದೊಡ್ಡ ದೊಡ್ಡ ಕಟ್ಟಡಗಳನ್ನೆಲ್ಲ ಒಂದೇ ದಿನ ತೋರಿಸಿಬಿಟ್ಟರೆ, ಇಂಥ ಊರಿನಲ್ಲಿ ಹೆರಿಗೆಗೇನು ಕೊರತೆ ಎಂದು ಅವಳಾಗಿಯೇ ಬಾಯಿ ಮುಚ್ಚಿಯಾಳು ಎಂದು ಉಪಾಯ ಹೂಡಿ ಒಂದು ದಿನದ ರಜೆ ಹಾಕಿದ. ಬಡಪಾಯಿ!

ಮೋಟಾರಿಗೆ ಹಯಾತ್ ಸಿಕ್ಕಿದ. ಯಲ್ಲಾಪುರದವ. ಮೊದಲು ಶಿರಸಿ ಯಲ್ಲಾಪುರದ ನಡುವೆ ಸರ್ವಿಸ್ ಮೋಟಾರು ಓಡಿಸುತ್ತಿದ್ದವನು, ಈಗ ಮುಂಬಯಿ ಕಡೆಯ ಒಬ್ಬ ಅಸೆಂಬ್ಲಿ ಮೆಂಬರರ ಡ್ರೈವರ್. ಸಾಹೇಬರನ್ನು ಬೆಳಿಗ್ಗೆ ಸಭೆಗೆ ಬಿಟ್ಟರೆ ಸಂಜೆ ಐದರ ತನಕ ಅವನಿಗೆ ನೊಣ ಹೊಡೆಯುವುದೇ ಕೆಲಸ. ನಮ್ಮ ಕಡೆಯ ಅಮ್ಮ ಬಂದಿದ್ದಾರೆ ಎಂದು ತಿಳಿದದ್ದೇ ತಡ, ಸಾಹೇಬರ ಅಪ್ಪಣೆಯನ್ನೂ ಸಭೆ ನೋಡುವ ಪಾಸುಗಳನ್ನೂ ಕೇಳಿ ತಂದ. ಊರಿನಲ್ಲಾದರೆ ಸಿದ್ದಾಪುರ ಬೇರೆ, ಯಲ್ಲಾಪುರ ಬೇರೆ. ದಿಲ್ಲಿಯಲ್ಲಿ ಎರಡೂ ಒಂದೇ ಓಣಿ.

ಮುಂದೆ ಹಯಾತನ ಪಕ್ಕ ಶಾಂತಾರಾಮ ಕೂತ, ಹಿಂದೆ ತಾಯಿ ಮಗಳು ಕೂತರು. ಮೋಟಾರು ಹೊರಡುವ ಮೊದಲೇ ಪರಿಮಳೆ ತಲೆದಿಂಬಿಗೆ ಒರಗಿ ಘೋಷಿಸಿದಳು.

"ಆಯಿ, ಬಂದಾಗಿಂದ ನಿಂಗಳಿಬ್ಬರ ಮಾತು ಹೊತ್ತು ಹೊತ್ತು ಯಂಗೆ ಸೊಂಟ ಬಿತ್ತು. ಹೊಟ್ಟೆಲಿ ಇರದು ಒಂದು ಭಾರ ಸಾಕು. ಇವತ್ತು ಆನು ಯಾರ ಮಾತನ್ನೂ ಹೊರ್ತ್ನಿಲ್ಲೆ."

ರಾಜೀವಿ ಆಚೀಚೆ ನೋಡಿದಳು. ಬೆಕ್ಕಂತೂ ಇರಲಿಲ್ಲ.

"ಹಯಾತಾ," ಎಂದಳು, "ಎಲ್ಲಿಗೆ ಹೋಗದು ಹೇಳಿ ಅವರ ಹತ್ರ ಕೇಳು."

ಹಯಾತ್ ಪಕ್ಕಕ್ಕೆ ತಿರುಗಿ ಕೇಳಿದ. ಶಾಂತಾರಾಮ, "ಮೊದಲು ಕೆಂಪುಕೋಟೆ ಹೇಳು" ಎಂದ. ಹಯಾತ್ ಹಿಂದಕ್ಕೆ ತಿರುಗಿ, "ಕೆಂಪುಕೋಟೆಯಂತೆ ಅಮ್ಮಾ" ಎಂದ. ಅಷ್ಟರಲ್ಲಿ ಮೋಟಾರು ಒಂದು ಟಾಂಗಾದ ಕುದುರೆಯ ಮೂತಿಯನ್ನು ಸವರಿಕೊಂಡು ಹೋಯಿತು. "ಯಾ ಅಲ್ಲಾ! ನೀವಿಬ್ರೂ ಜೋರಾಗಿ ಮಾತಾಡಿ. ನನಗೆ ಹೇಳ್ದಂಗೂ ಆಯ್ತು, ಅವರಿಗೆ ಕೇಳ್ದಂಗೂ ಆಯ್ತು. ನಾನು ದಾರಿ ನೋಡ್ಕೊಂತೀನಿ" ಎಂದು ಅವನು ಬೇಡಿಕೊಂಡ. ಕಟ್ಟುಪಾಡಿಗೆ ಇದರಿಂದ ಭಂಗವಿಲ್ಲ ಎಂದು ರಾಜೀವಿ ಒಪ್ಪಿದಳು.

ಕೆಂಪುಕೋಟೆಯಲ್ಲಿ ಶಾಂತಾರಾಮ ಎದೆಯುಬ್ಬಿಸಿ ಮುಂದೆ ನಡೆದ. ಇದು ಬಾದಶಹರ ಕಾಲದ ಸರಕಾರ ಇದ್ದ ಜಾಗ, ಇಲ್ಲಿ ಕೂತು ಬಾದಶಹ ನ್ಯಾಯ ಹೇಳುತ್ತಿದ್ದ, ಅಲ್ಲಿ ಮಂತ್ರಿಗಳು ನಿಲ್ಲುತ್ತಿದ್ದರು ಎಂದು ಹಯಾತನಿಗೆ ವರ್ಣಿಸಿದ. ರಾಜೀವಿಯ ಕಣ್ಣು ಸಿಂಹಾಸನದ ಕಡೆಗೆ ಹೋಗಲೇ ಇಲ್ಲ. ಅಮೃತಶಿಲೆಯ ನೆಲದ ನಡುವೆ ಕೊರೆದ ನೀರಿನ ಕಾಲುವೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಇಳಿಜಾರು ಸರಿಯಾಗಿದೆಯೇ ಎಂದು ಕೈಯಿಟ್ಟು ನೋಡಿದಳು. ಮುಂದೆ ಬಾದಶಹರ ಹಮಾಮು ಇತ್ತು. ಜಾಲಂಧ್ರದಲ್ಲಿ ಇಣುಕಿ, ಇದು ಸ್ನಾನದ ಮನೆ, ಕೆಳಗೆ ಬೆಂಕಿ ಹಾಕಿ ನೀರು ಕಾಯಿಸುತ್ತಿದ್ದರು ಎಂದು ಕೇಳಿ ತಿಳಿದು ಮುಖ ಅರಳಿಸಿದಳು.

"ಹಯಾತಾ, ಈ ಬಾದಶಹ ತಿಳಿದವ. ಬಿಸಿನೀರು ಇದ್ದಲ್ಲಿ ಬಾಣಂತನ ಆಗ್ತು. ಈಗಿನ ಸರಕಾರದವು ಎಲ್ಲಿ ಮೀಯ್ತ ಹೇಳಿ ಕೇಳು."

"ಅದನ್ನೇ ತೋರಿಸ್ತೆ ಹೇಳು," ಎಂದ ಶಾಂತಾರಾಮ, ಉತ್ಸಾಹ ಬತ್ತದೆ.

ಮೋಟಾರು ಹೊಸ ದಿಲ್ಲಿಗೆ ಬಂತು. ಅಗಲವಾದ ರಸ್ತೆ, ಎರಡೂ ಕಡೆ ಹುಲ್ಲು, ತುದಿಯಲ್ಲಿ ವೈಸ್‌ರಾಯರ ಅರಮನೆ. ಕಬ್ಬಿಣದ ಗೇಟಿನ ಹೊರಗೇ ನಿಂತು ನೋಡಬೇಕು. ಒಳಗೆ ಮುನ್ನೂರಕ್ಕೂ ಮಿಕ್ಕಿ ಕೋಣೆಗಳಿವೆ ಎಂದು ಶಾಂತಾರಾಮ ಹೇಳಿ, ಅತ್ತೆಯ ಮುಖವನ್ನು ಓರೆಗಣ್ಣಿನಲ್ಲಿ ನೋಡಿದ. ಅತ್ತೆ ಬಾಯ ಮೇಲೆ ಬೆರಳಿಟ್ಟಳು. ಗೆದ್ದೆ ಎಂದುಕೊಂಡ.

"ಅದರಲ್ಲಿ ಬಾಣಂತಿ ಕೋಣೆ ಯಾವುದು ಕೇಳು."

ಶಾಂತಾರಾಮ ತಡವರಿಸಿದ. "ಲಾಟಸಾಹೇಬರ ಮನೆಯಲ್ಲಿ ಅದೆಲ್ಲ ಇರ್ತಿಲ್ಲೆ ಹೇಳು."

"ಇಲ್ಲೆ? ಹಾಂಗಾರೆ ಮುನ್ನೂರು ಕೋಣೆ ಎಂತಕ್ಕೆ? ಅಡಿಕೆ ಹರವಲಾ?"

ಗೇಟಿನ ಸಿಪಾಯಿ ತಿರುಗಿ ನೋಡುವಷ್ಟು ಜೋರಾಗಿ ಪರಿಮಳೆ ನಕ್ಕಳು. ಅವಳು ಮನೆಯಿಂದ ಹೊರಗೆ ಬಂದು ತಿಂಗಳಾಗಿತ್ತು. ಗಂಡ ಸೋತರೂ ತಾಯಿ ಸೋತರೂ ಅವಳಿಗೆ ಇವತ್ತು ಜಾತ್ರೆ.

"ಮತ್ತೆ ಲಾಟಸಾಹೇಬನ ಹೆಂಡ್ತಿ ಚೊಚ್ಚಲಿಗೆ ಎಲ್ಲಿಗೆ ಹೋಗ್ತು?"

"ಅವರ ತವರು ವಿಲಾಯತಿ..." ಎಂದುಬಿಟ್ಟ ಶಾಂತಾರಾಮ, ಮತ್ತು ನಾಲಿಗೆ ಕಚ್ಚಿಕೊಂಡ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಹೇಳಿದ್ದಾರೆಯೇ?

"ಕೇಳಿದ್ಯನಾ ಹಯಾತಾ? ಅದು ಏಳು ಸಮುದ್ರ ದಾಟಿ ತವರಿಗೆ ಹೋಗ್ಲಕ್ಕು. ಯನ್ನ ಮಗಳಿಗೆ ಹುಬ್ಬಳ್ಳಿ ದೂರ ಆತು!"

ಅರಮನೆಯ ಎದುರಿಗೇ ಸೆಕ್ರೆಟೇರಿಯಟ್ಟಿನ ಎರಡು ಕಟ್ಟಡಗಳು, ಗುಮ್ಮಟ ಹೊತ್ತು ನಿಂತಿದ್ದವು. ಇದು ಅಳಿಯನ ಸ್ವಂತ ಪ್ರಾಂತ್ಯ. ಮೇಲಿನ ಒಂದು ಕಿಟಕಿಗೆ ಬೆರಳು ತೋರಿಸಿ, ತಾನು ಕೂರುವುದು ಅಲ್ಲಿ ಎಂದ. ರಾಜೀವಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಸುಳ್ಳೇಕೆ, ಅವಳಿಗೆ ಹೆಮ್ಮೆಯೇ ಆಯಿತು. ಹುಲೇಕಲ್ಲಿನ ಮಾಣಿ ಇಷ್ಟು ಎತ್ತರದಲ್ಲಿ ಕೂತು ದೊರೆಗಳ ಕೆಲಸ ಮಾಡುತ್ತಾನೆ! ಆದರೆ ಹೆಮ್ಮೆಯನ್ನು ತೋರಿಸಿದರೆ ಮಗಳು ಕೈತಪ್ಪಿದಳೆಂದೇ ಲೆಕ್ಕ.

"ಬೇಸಿಗೆಲಿ ಸೆಕೆ ಆಗ್ತಿಲ್ಯ ಇಲ್ಲಿ?" ಎಂದು ಗಾಳಿಗೆ ಹೇಳಿದಳು.

ಹಯಾತ್ ಪಾಪ, ಕೇಳಿದ್ದಕ್ಕೆ ನಿಜ ಹೇಳಿದ. "ಅದೇನು ಕೇಳ್ತೀರಿ ಅಮ್ಮಾ! ತಡಿಯಾಕಾಗೂದಿಲ್ಲ. ಅದಕ್ಕೇ ಸರಕಾರ ಗಂಟುಮೂಟೆ ಕಟ್ಕೊಂಡು ಶಿಮ್ಲಾ ಗುಡ್ಡಕ್ಕೆ ಹೋಗ್ತೈತಿ. ಪ್ರತಿ ವರ್ಷ."

"ಸರಕಾರವೇ ತವರಿಗೆ ಹೋಗ್ತು!" ರಾಜೀವಿ ಕೈ ತಟ್ಟಿದಳು. "ಅದಕ್ಕೆಂತ ಬಸುರಾ, ಬಾಣಂತನವಾ? ಆದ್ರೂ ಹೋಗ್ತು. ಯನ್ನ ಮಗಳು ಮಾತ್ರ ಇಲ್ಲೇ ಬೇಯವು."

"ಈ ಸಲ ಯನ್ನ ಸೆಕ್ಷನ್ ಹೋಗ್ತಿಲ್ಲೆ ಹೇಳು," ಎಂದ ಶಾಂತಾರಾಮ. ಆಮೇಲೆ ದನಿ ತಗ್ಗಿಸಿ, "ನಿನ್ನ ಹತ್ರ ಯಾರು ಕೇಳಿದ್ದ ಮಾರಾಯ?" ಎಂದು ಹಯಾತನ ಪಕ್ಕೆಗೆ ತಿವಿದ.

ಕೊನೆಗೆ ಉಳಿದದ್ದು ಅಸೆಂಬ್ಲಿ ಸೇರುವ ಕೌನ್ಸಿಲ್ ಹೌಸ್. ಸುತ್ತಲೂ ಕಂಬಗಳು, ನಡುವೆ ಗುಂಡಗಿನ ಕಟ್ಟಡ.

"ಇಷ್ಟು ದೊಡ್ಡ ಗಾಣದಲ್ಲಿ ಎಂತ ಅರೀತ್ವ?"

"ಮಾತು ಅಮ್ಮಾ," ಎಂದ ಹಯಾತ್. "ನಮ್ಮ ಸಾಹೇಬ್ರೂ ಒಳಗ ಅದನ್ನೇ ಅರೀತಿದ್ದಾರೆ."

ಗ್ಯಾಲರಿಯ ಬಾಗಿಲಲ್ಲಿ ಒಂದು ರಗಳೆಯಾಯಿತು. ಕೆಲವು ವರ್ಷಗಳ ಹಿಂದೆ ಆ ಸಭೆಯೊಳಗೆ ಬಾಂಬು ಬಿದ್ದಿತ್ತು. ಅಂದಿನಿಂದ ಒಳಗೆ ಹೋಗುವವರ ಚೀಲಗಳನ್ನು ಹುಡುಕದೆ ಬಿಡುತ್ತಿರಲಿಲ್ಲ. ರುಮಾಲಿನ ಜಮಾದಾರ ರಾಜೀವಿಯ ಕವಳದ ಸಂಚಿಗೆ ಕೈ ಹಾಕಿದ. ಎಲೆ ಬಂತು, ಸುಣ್ಣದ ಡಬ್ಬಿ ಬಂತು, ಆಮೇಲೆ ಗೇಣುದ್ದದ ಅಡಕತ್ತರಿ ಬಂತು. ಜಮಾದಾರ ಅದರ ಬಾಯಿ ತೆರೆದು ಅಲಗು ಮುಟ್ಟಿ ನೋಡಿ, ಪೊಲೀಸರನ್ನು ಕರೆಯಲು ಸೀಟಿ ಊದಹೊರಟ. ಶಾಂತಾರಾಮನಿಗೆ ನೌಕರಿ ಹೋದಂತೆಯೇ ಕಂಡಿತು. ರಾಜೀವಿಗೆ ಹೆದರಿಕೆ ಎಂಬುದು ಗೊತ್ತಿದ್ದರೆ ತಾನೇ? ಅಡಕತ್ತರಿಯನ್ನು ಅವನ ಕೈಯಿಂದ ಕಸಿದು, ಸಂಚಿಯಿಂದ ಒಂದು ಅಡಿಕೆ ತೆಗೆದು, ಅವನ ಮೂಗಿನ ಎದುರೇ ಕಟಕ್ ಕಟಕ್ ಎಂದು ಹೋಳು ಮಾಡಿದಳು. ಎಲೆಗೆ ಸುಣ್ಣ ಹಚ್ಚಿ ಮಡಿಸಿ, ಕವಳ ಕಟ್ಟಿ ಅವನ ಅಂಗೈಗೆ ಹಾಕಿದಳು.

"ತಿನ್ನು ಹೇಳು ಹಯಾತಾ. ಬನವಾಸಿ ಕಡೆ ಎಲೆ, ಮನೆ ಅಡಿಕೆ. ಇಂಥದು ಇವನ ಲಾಟಸಾಹೇಬನೂ ಕಂಡಿದ್ನಿಲ್ಲೆ."

ಜಮಾದಾರ ಆಚೀಚೆ ನೋಡಿ ಕವಳವನ್ನು ದವಡೆಗೆ ಸೇರಿಸಿದ. ಆಯುಧ ಮಾತ್ರ ಹೊರಗೇ ಉಳಿಯಿತು.

ಒಳಗೆ, ಕೆಳಗಿನ ಸಭೆಯಲ್ಲಿ ಒಬ್ಬ ದಪ್ಪನೆಯ ಮೆಂಬರು ನಿಂತು ಗುಡುಗುತ್ತಿದ್ದ. ಎದುರು ಸಾಲಿನಲ್ಲಿ ಒಬ್ಬ ಸಣಕಲ ಕೂತು ಕುದಿಯುತ್ತಿದ್ದ. ದಪ್ಪನೆಯವ ಬೈಯುತ್ತಿದ್ದುದು ಸಣಕಲನನ್ನು ಎಂದು ಇಂಗ್ಲಿಷು ಬಾರದ ರಾಜೀವಿಗೂ ತಿಳಿಯಿತು. ಆದರೆ ಅವನು ಸಣಕಲನ ಕಡೆ ನೋಡುತ್ತಲೇ ಇರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕೂತ ಮೂರನೆಯವನಿಗೆ ಕೈ ನೀಡಿ ನೀಡಿ ಹೇಳುತ್ತಿದ್ದ. ಅವನು ಕೂತ ಮೇಲೆ ಸಣಕಲ ಎದ್ದ. ಇವನೂ ಕುರ್ಚಿಯವನಿಗೇ ಹೇಳತೊಡಗಿದ. ನಡುವೆ ಇದ್ದದ್ದು ನಾಲ್ಕು ಹೆಜ್ಜೆ ಜಾಗ!

"ಇದೆಂತ ಹೀಂಗೆ?" ರಾಜೀವಿ ಪಿಸುಗುಟ್ಟಿದಳು.

ಶಾಂತಾರಾಮ ಹಯಾತನ ಕಿವಿಯಲ್ಲಿ ಪಿಸುಗುಟ್ಟಿದ; ಅತ್ತೆಗೂ ಕೇಳಿಸಿತು. ಮೆಂಬರುಗಳು ಒಬ್ಬರಿಗೊಬ್ಬರು ನೇರ ಮಾತಾಡುವಂತಿಲ್ಲ. ಏನಿದ್ದರೂ ಸಭಾಪತಿಗೇ ಹೇಳಬೇಕು. ನೇರ ಮಾತಾಡಿದರೆ ಜಗಳವಾಗುತ್ತದೆ.

ರಾಜೀವಿ ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದಳು. ಬೆಳಗಿನಿಂದ ದಿಲ್ಲಿಯಲ್ಲಿ, ಆ ಹಮಾಮು ಒಂದು ಬಿಟ್ಟರೆ, ಅವಳಿಗೆ ತಿಳಿಯುವಂಥದ್ದು ಏನೂ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. "ಅಯ್ಯೋ, ಇದು ಯಮ್ಮನೆ ಕಟ್ಟುಪಾಡು!" ಎಂದಳು. "ಇವರಲ್ಲಿ ಅತ್ತೆ ಯಾವುದು, ಅಳಿಯ ಯಾವುದು?"

ಕೆಂಪು ಪಟ್ಟಿಯ ಚಪರಾಸಿ ಬಂದು ತುಟಿಗೆ ಬೆರಳಿಟ್ಟು ಹೋದ. ಪರಿಮಳೆ ಸೆರಗಿನಲ್ಲಿ ಬಾಯಿ ತುರುಕಿಕೊಂಡು ಕೂತಳು.

ಕೆಳಗೆ ವಾದ ಮುಗಿಯುತ್ತ ಬಂತು. ದಪ್ಪನೆಯವ ಮತ್ತೆ ಎದ್ದು ಎರಡೇ ಮಾತಾಡಿ ಸಣ್ಣಗೆ ಬಗ್ಗಿ ಕೂತ. ಎದುರಿನವರೂ ಮೇಜು ತಟ್ಟಿದರು. ಅವನು ಸೋತನೇ ಎಂದು ರಾಜೀವಿ ಕೇಳಿದಳು. ಸೋತದ್ದಲ್ಲ, ಸಭೆಯ ಮುಂದಿಟ್ಟಿದ್ದ ತನ್ನ ಠರಾವನ್ನು ತಾನೇ ಹಿಂದೆ ತಗೊಂಡ, ಅದರಲ್ಲಿ ಮರ್ಯಾದೆ ಹೋಗುವುದಿಲ್ಲ ಎಂದು ಉತ್ತರ ಬಂತು. "ಚಲೋ ಉಪಾಯ" ಎಂದು ರಾಜೀವಿ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಳು. ಆ ಉಪಾಯ ಅಳಿಯನಿಗೆ ಬೇಕಾದೀತು ಎಂದುಕೊಂಡಳೇ ಹೊರತು ತನಗೆ ಬೇಕಾದೀತು ಎಂದಲ್ಲ.

ಹೊರಗೆ ಮೋಟಾರು ನಿಂತ ಮರದ ನೆರಳಿಗೆ ಬಂದದ್ದೇ ಪರಿಮಳೆ ಒಳಗೆ ಹತ್ತಿ ಕೂತಳು; ರಾಜೀವಿ ಹಯಾತನನ್ನು ಮೋಟಾರಿನ ಮೆಟ್ಟಿಲ ಮೇಲೆ ಕೂರಿಸಿದಳು.

"ನೀನು ಸಭಾಪತಿ. ಏಳಡ."

"ಅಮ್ಮಾ, ನಾನು ಡ್ರೈವರ್..."

"ಸಭಾಪತಿಗಳೇ!" ರಾಜೀವಿ ಆ ದಪ್ಪನೆಯವನ ಹಾಗೆಯೇ ಕೈ ನೀಡಿದಳು. "ಬೆಳಗಿಂದ ಕಲ್ಲು ನೋಡಿ ನೋಡಿ ಯನ್ನ ಕಣ್ಣು ಕಲ್ಲಾತು. ಊರಲ್ಲಿ ಕೋಣೆ ಸುಣ್ಣ ಹೊಡೆಸಿ ಇಟ್ಟಿದ್ದು. ನಾಡಿದ್ದು ಗಾಡಿಗೆ ಆನು ಮಗಳನ್ನ ಕರ್ಕಂಡು ಹೋಗ್ತೆ. ಇದು ಯನ್ನ ಠರಾವು. ಬೇಡ ಹೇಳುವವು ಎಂತಕ್ಕೆ ಬೇಡ ಹೇಳಿ ಹೇಳವು. ಗುಮ್ಮಟ ಬೇಡ, ಕಂಬ ಬೇಡ. ಕಾರಣ ಒಂದು ಹೇಳಲಿ."

ಹಯಾತ್ ಶಾಂತಾರಾಮನ ಕಡೆ ನೋಡಿದ. ಶಾಂತಾರಾಮ ನಗುತ್ತಲೇ "ಸಭಾಪತಿಗಳೇ" ಎಂದು ಶುರುಮಾಡಿದ. ನಗು ಅಲ್ಲಿಗೇ ನಿಂತಿತು. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸತೊಡಗಿದ.

"ಯನ್ನ ಅಕ್ಕನೂ ಚೊಚ್ಚಲು ಹೇಳಿ ತವರಿಗೆ ಬಂದಿತ್ತು," ಎಂದ. "ಹುಲೇಕಲ್ಲಿಗೆ. ಕೋಣೆಗೆ ಸುಣ್ಣ ಹೊಡದಿತ್ತು, ಹಂಡೆ ತಿಕ್ಕಿತ್ತು, ಎಲ್ಲ ಇತ್ತು. ನೋವು ಬಂತು, ಹೆರಿಗೆ ಆಗ್ಲಿಲ್ಲೆ. ಕಡೆಗೆ ಗಾಡಿ ಕಟ್ಟಿ ಶಿರಸಿ ಆಸ್ಪತ್ರೆಗೆ ಹೊರಟ್ವು. ಆನು ಸಣ್ಣವ. ಅದರ ತಲೆ ಯನ್ನ ತೊಡೆ ಮೇಲಿತ್ತು. 'ತಮಾ, ಇನ್ನೆಷ್ಟು ದೂರ, ತಮಾ' ಹೇಳಿ ಕೇಳ್ತಾ ಇತ್ತು. ಆನು 'ಬಂತು ಅಕ್ಕ, ಬಂತು' ಹೇಳ್ತಾ ಇದ್ದಿದ್ದೆ. ಆಮೇಲೆ ಅದು ಕೇಳಿದ್ದಿಲ್ಲೆ. ಆನು ಮಾತ್ರ ಶಿರಸಿ ಬರೋವರೆಗೂ ಹೇಳ್ತಾನೇ ಇದ್ದಿದ್ದೆ."

ಪರಿಮಳೆ ಮೋಟಾರಿನ ಬಾಗಿಲು ತೆರೆದು ಇಳಿದು ಅವನ ಪಕ್ಕ ಬಂದು ನಿಂತಳು. ಅವಳಿಗೂ ಇದು ಹೊಸದು.

"ಇಲ್ಲಿ ಹೆಂಗಸರ ಆಸ್ಪತ್ರೆ ಯನ್ನ ಮನೆಗೆ ಹತ್ರ. ಒಂದು ಕವಳ ಬಾಯಲ್ಲಿ ಕರಗೋದ್ರೊಳಗೆ ಟಾಂಗಾ ಮುಟ್ತು. ಅದೊಂದೇ ಕಾರಣ. ಕಟ್ಟಡ ಗಿಟ್ಟಡ ಎಲ್ಲ ಸುಮ್ನೆ ತೋರಿಸಿದ್ದು. ಇದನ್ನ ಹೇಳಲೆ ಯಂಗೆ ಬಾಯಿ ಬಂದಿದ್ದಿಲ್ಲೆ. ಅತ್ತೆಗೆ ಹೇಳು, ಹಯಾತ್."

ಹಯಾತ್ ರಾಜೀವಿಯ ಕಡೆ ತಿರುಗಿದ.

"ಇದನ್ನ ನಾನು ಹ್ಯಾಂಗ ಹೇಳ್ಲಿ ಅಮ್ಮಾ?" ಎಂದ. "ನೀವೇ ಕೇಳಿದ್ರಲ್ಲ."

ಕೇಳಿದ್ದಳು. ಸಂಬಂಧ ಮಾಡುವಾಗ "ಹುಡುಗನಿಗೆ ಒಬ್ಬಳು ಅಕ್ಕ ಇದ್ದಳು, ತೀರಿಹೋದಳು" ಎಂದಷ್ಟೇ ಹೇಳಿದ್ದರು. ಇವಳೂ ಅಯ್ಯೋ ಪಾಪ ಎಂದು ಅಷ್ಟಕ್ಕೇ ಬಿಟ್ಟಿದ್ದಳು. ಈಗ ರಾಜೀವಿಗೆ ಸಿಟ್ಟು ಬಂತು. ಅಳಿಯನ ಮೇಲಲ್ಲ, ತನ್ನ ಮೇಲೆ. ಎರಡು ಕೂಸು ಕಳಕೊಂಡವಳು ತಾನೊಬ್ಬಳೇ, ಹೆದರುವ ಹಕ್ಕು ತನಗೊಬ್ಬಳಿಗೇ ಎಂದು ಅವಳು ತಿಳಿದಿದ್ದಳು. ಇಲ್ಲಿ ನೋಡಿದರೆ ಈ ಮಾಣಿ ಇಷ್ಟು ವರ್ಷ ಅದೇ ಹೆದರಿಕೆಯನ್ನು ಒಬ್ಬನೇ ಹೊತ್ತುಕೊಂಡು, ಗುಮ್ಮಟ ತೋರಿಸುತ್ತ ನಗುತ್ತಿದ್ದಾನೆ!

ಸೆರಗು ಸರಿಮಾಡಿಕೊಂಡಳು. ಹಯಾತನನ್ನು ದಾಟಿ ಎರಡು ಹೆಜ್ಜೆ ಮುಂದೆ ಬಂದು, ಮಗಳ ಮದುವೆಯಾದಂದಿನಿಂದ ಮೊದಲ ಬಾರಿಗೆ ಅಳಿಯನ ಮುಖ ನೋಡಿ ಮಾತಾಡಿದಳು.

"ತಮಾ."

ಶಾಂತಾರಾಮನ ಕೈಯ ಟೊಪ್ಪಿಗೆ ತಿರುಗುವುದು ನಿಂತಿತು.

"ಯನ್ನ ಠರಾವು ಆನು ಹಿಂದೆ ತಗಂಡೆ. ಮಗಳನ್ನ ಕರ್ಕಂಡು ಹೋಗ್ತ್ನಿಲ್ಲೆ."

ಶಾಂತಾರಾಮ ಕಣ್ಣೊರೆಸಿಕೊಂಡ. ಎದೆಯ ಮೇಲಿನ ಬಂಡೆ ಇಳಿದ ಹಾಗೆ ಒಂದು ಉಸಿರು ಬಿಟ್ಟ. ಅದು ಪೂರ್ತಿ ಹೊರಗೆ ಬರುವ ಮೊದಲೇ ಅತ್ತೆ ಮಾತು ಮುಗಿಸಿದಳು.

"ಆನೂ ಹೋಗ್ತ್ನಿಲ್ಲೆ."

ಬಿಟ್ಟ ಉಸಿರು ಅರ್ಧದಲ್ಲೇ ನಿಂತಿತು. ಪರಿಮಳೆ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. "ಆಯಿ, ಅಪ್ಪಯ್ಯಂಗೆ ಅಡುಗೆ?"

"ನಿನ್ನ ಅಪ್ಪಯ್ಯಂಗೆ ಎರಡು ಕೈ ಇದ್ದು, ಮನೇಲಿ ಅಕ್ಕಿ ಇದ್ದು. ಬೇಯಿಸ್ಕಂಡು ಉಣ್ಣಲಿ, ಸಾಯ್ತ್ನಿಲ್ಲೆ. ದೇವರು ಹರಿದ್ವಾರದಿಂದ ಬಂದವ ಒಬ್ಬನೇ ಹೋಗಿ ಹೇಳಲಿ. ಕೇರಿಯವು ನಗಲಿ, ನಕ್ಕು ನಕ್ಕು ಹಲ್ಲು ಬೀಳಲಿ." ಆಮೇಲೆ ಅಳಿಯನ ಕಡೆ ತಿರುಗಿದಳು. ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಂತೀತೇ? "ಹೆರಿಗೆ ನಿನ್ನ ಆಸ್ಪತ್ರೆಲಿ ಆಗಲಿ. ಮೀಸೋದು, ಉಣಿಸೋದು ಯನ್ನದು. ಲಾಟಸಾಹೇಬನ ಮನೇಲಿ ಬಾಣಂತಿ ಕೋಣೆ ಇಲ್ಲದಿದ್ರೆ ಕತ್ತೆ ಬಾಲ, ನಿನ್ನ ಮನೇಲಿ ಆಗವು. ಒಳಕೋಣೆ ಮೇಜು, ಕುರ್ಚಿ, ಪುಸ್ತಕ ಎಲ್ಲ ಹೊರಗೆ ಹಾಕು. ನೀನೂ ಹೊರಗೆ ಮಲಗು. ಕಿಟಕಿಗೆ ಪರದೆ ಕಟ್ಟು. ಮತ್ತೆ ಹಂಡೆ ಬೇಕು. ತಾಮ್ರದ್ದು."

ಶಾಂತಾರಾಮ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದ. "ಹಯಾತ್, ಅತ್ತೆಗೆ ಹೇಳು..."

ಹಯಾತ್ ಆಗಲೇ ಮೆಟ್ಟಿಲಿನಿಂದ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಿದ್ದ. "ಸಭೆ ಬರಖಾಸ್ತ್ ಆಯ್ತು ಹೆಗಡೇರೆ," ಎಂದ. "ನನಗ ಸಾಹೇಬ್ರನ್ನ ಕರಕೊಂಡು ಹೋಗೂ ಹೊತ್ತಾಯ್ತು. ಇನ್ನ ನೀವುಂಟು, ನಿಮ್ಮ ಅತ್ತೆಯವರುಂಟು."

ಶಾಂತಾರಾಮ ಟೊಪ್ಪಿಗೆ ಹಾಕಿಕೊಂಡ, ಮತ್ತೆ ತೆಗೆದ. ಗಂಟಲು ಸರಿಮಾಡಿಕೊಂಡ.

"ಅತ್ತೇ," ಎಂದ.

"ಹೇಳು ತಮಾ."

"ಹಂಡೆ ಎಷ್ಟು ದೊಡ್ಡದು ಬೇಕು?"